ಹಬ್ಬದ ಎಣ್ಣೆನೀರಿಗೆ ಹೋದ ಗೆರೆಗಳು

ನನ್ನ ಹೆಂಡತಿಗೆ ರೇಡಿಯೇಷನ್ ನಡೆಯುತ್ತಿದ್ದ ದಿನಗಳಲ್ಲಿ ನನಗೆ ದೇವರ ಹತ್ತಿರ ದೊಡ್ಡ ಬೇಡಿಕೆಗಳೇನೂ ಇರಲಿಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ ಅವಳಿಗೊಂದು ಸೀಟು ಸಿಗಲಿ, ಕೆಂಗೇರಿಯಲ್ಲಿ ಇಳಿದಾಗ ಆಟೋದವನು ಬರುವುದಿಲ್ಲ ಎನ್ನದಿರಲಿ, ಆಸ್ಪತ್ರೆಯಲ್ಲಿ ಇವತ್ತು ಮೆಷಿನ್ ಕೆಟ್ಟಿರದಿರಲಿ, ಇಷ್ಟೇ. ಕೀಮೋ, ಆಪರೇಷನ್ನು ಎಲ್ಲ ಮುಗಿಸಿಕೊಂಡು ಅಲ್ಲಿಗೆ ಬಂದಿದ್ದೆವು. ಅಷ್ಟು ಹೊತ್ತಿಗೆ ಹೆದರಿಕೆ ಕೂಡ ಸವೆದುಹೋಗಿ ಬರೀ ಸುಸ್ತು ಉಳಿದಿತ್ತು. ಅವಳದು ಮೈಯ ಸುಸ್ತು, ಎಲ್ಲರಿಗೂ ಕಾಣುತ್ತಿತ್ತು. ಕಾಯಿಲೆ ಇಲ್ಲದ ನಾನು ಸುಸ್ತಾಗಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಹಾಗಾಗಿ ಸಿಕ್ಕಿದವರ ಮೇಲೆ ರೇಗುತ್ತಿದ್ದೆ.

ರೇಗುವುದು ನನಗೆ ಹೊಸದೂ ಅಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಟೂಲ್‌ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಉಕ್ಕಿನ ತುಂಡಿನ ಮೇಲೆ ಅಳತೆ ತೆಗೆದು ಗೆರೆ ಹಾಕುವುದು, ಆ ಗೆರೆಯಂತೆ ಕೊರೆಸಿ ಅಚ್ಚು ಮಾಡಿಸುವುದು ನನ್ನ ಕೆಲಸ. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಅಚ್ಚು ಗುಜರಿಗೆ ಹೋಗುತ್ತಿತ್ತು, ತಪ್ಪು ಮಾಡಿದವನ ಕಿವಿಗೆ ಕಾದ ಸೀಸದಂಥ ಮಾತು ಬೀಳುತ್ತಿತ್ತು. ನನ್ನ ಕೈಕೆಳಗೆ ಕಲಿತವರು ಕೆಲವರು ಈಗ ಸ್ವಂತ ವರ್ಕ್‌ಶಾಪ್ ಇಟ್ಟಿದ್ದಾರೆ. ದಾರಿಯಲ್ಲಿ ಸಿಕ್ಕರೆ "ಸಾರ್, ನೀವು ಬೈದಿದ್ದು ಇನ್ನೂ ಕಿವೀಲಿದೆ" ಎನ್ನುತ್ತಾರೆ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ನನ್ನಿಂದ ತಪ್ಪಾಯಿತು ಎಂದು ನಾನಾಗಿ ಬಾಯಿಬಿಟ್ಟು ಹೇಳಿದ್ದು ಅಲ್ಲಿ ಒಮ್ಮೆಯೂ ನೆನಪಿಲ್ಲ. ಮನೆಯಲ್ಲೂ ಇಲ್ಲ.

ರೇಡಿಯೇಷನ್ನಿಗೆ ನಮ್ಮ ಕಡೆಯ ಜನ "ಕರೆಂಟು ಕೊಡೋದು" ಎನ್ನುತ್ತಾರೆ. ನಾವೂ ಹಾಗೇ ಅನ್ನುತ್ತಿದ್ದೆವು. ಡಾಕ್ಟರಮ್ಮ ಮೊದಲ ದಿನವೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಗಡ್ಡೆ ತೆಗೆದ ಜಾಗದಲ್ಲಿ ಕಣ್ಣಿಗೆ ಕಾಣದಂಥದ್ದು ಏನಾದರೂ ಉಳಿದಿದ್ದರೆ ಅದನ್ನು ಸಾಯಿಸುವ ಕಿರಣ ಇದು. ಇವಳಿಗೆ ಕಾಯಿಲೆ ಎಡಗಡೆಯ ಮೊಲೆಯಲ್ಲಿ. ಅದರ ಹಿಂದೆಯೇ ಹೃದಯ. ಕಿರಣ ಬೀಳಬೇಕಾದ ಕಡೆ ಪೂರ್ತಿ ಬೀಳಬೇಕು, ಹೃದಯಕ್ಕೆ ಸೋಕಬಾರದು. ಅದಕ್ಕಾಗಿ ಇವಳು ಮೆಷಿನ್ನಿನ ಕೆಳಗೆ ಕೈಯೆತ್ತಿ ಮಲಗಿ, ಅವರು ಹೇಳಿದಾಗ ಉಸಿರು ಎಳೆದುಕೊಂಡು ಬಿಗಿಹಿಡಿಯಬೇಕು. ಎದೆ ತುಂಬಿ ಬಂದಾಗ ಹೃದಯ ಸ್ವಲ್ಪ ದೂರ ಸರಿಯುತ್ತದೆ, ಆ ಗಳಿಗೆಯಲ್ಲಿ ಕಿರಣ ಬಿಡುತ್ತಾರೆ.

"ಎಷ್ಟು ಸರಿಯುತ್ತೆ ಡಾಕ್ಟ್ರೇ?" ಎಂದು ಕೇಳಿದೆ. ಅಳತೆ ಕೇಳದಿದ್ದರೆ ನನಗೆ ಸಮಾಧಾನವಿಲ್ಲ.

ಅವರು ತಮ್ಮ ಕಿರುಬೆರಳು ಅಡ್ಡ ಹಿಡಿದು ತೋರಿಸಿದರು. ಒಂದು ಬೆರಳಗಲದ ಜಾಗದಲ್ಲಿ ನನ್ನ ಮೂವತ್ತೇಳು ವರ್ಷದ ಸಂಸಾರ ನಿಂತಿದೆ ಎಂದು ಆಗ ಗೊತ್ತಾಯಿತು.

ಅವಳ ಎದೆಯ ಮೇಲೆ, ಎರಡೂ ಪಕ್ಕೆಗಳ ಮೇಲೆ ಆಸ್ಪತ್ರೆಯವರು ನೇರಳೆ ಇಂಕಿನಲ್ಲಿ ಗೆರೆಗಳನ್ನು ಎಳೆದರು. ಗೋಡೆಯಿಂದ ಬೀಳುವ ಬೆಳಕಿನ ಗೆರೆಗೆ ಈ ಇಂಕಿನ ಗೆರೆಯನ್ನು ಕೂಡಿಸಿ ದಿನವೂ ಅವಳನ್ನು ಅದೇ ಜಾಗಕ್ಕೆ ಮಲಗಿಸುತ್ತಾರೆ. ಮೆಷಿನ್ ನೋಡಿಕೊಳ್ಳುವ ಟೆಕ್ನಿಷಿಯನ್ ಒಬ್ಬ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು. ಅವಳು ನಮ್ಮಿಬ್ಬರಿಗೂ ಖಡಕ್ಕಾಗಿ ಹೇಳಿದಳು: "ಸೋಪು ಹಾಕ್ಬೇಡಿ, ಉಜ್ಜಬೇಡಿ. ಎಣ್ಣೆಯಂತೂ ಮುಟ್ಟಿಸ್ಲೇಬೇಡಿ ಆಂಟಿ. ಮಾಸಿದ್ರೆ ನಮ್ಗೆ ಹೇಳಿ, ನಾವೇ ಹಾಕ್ತೀವಿ. ಮನೇಲಿ ನೀವ್ಯಾರೂ ಪೆನ್ ಹಿಡೀಬೇಡಿ."

ನನಗೆ ಆ ಗೆರೆಗಳನ್ನು ಕಂಡು ಧೈರ್ಯ ಬಂದಿತ್ತು. ರಿಪೋರ್ಟುಗಳ ಭಾಷೆ ನನಗೆ ತಿಳಿಯದು, ಔಷಧಿಗಳ ಹೆಸರು ನಾಲಿಗೆಗೆ ತಿರುಗದು. ಗೆರೆ ಮಾತ್ರ ನನ್ನದು. ಎರಡನೆಯ ದಿನ ಮನೆಯಲ್ಲಿ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಸ್ಟೀಲ್ ಸ್ಕೇಲು ಹಿಡಿದು, ಕತ್ತಿನ ಗುಳಿಯಿಂದ ಎಷ್ಟು, ಹೊಕ್ಕಳಿನಿಂದ ಎಷ್ಟು ಎಂದು ಎಲ್ಲ ಗೆರೆಗಳನ್ನೂ ಅಳೆದು ಡೈರಿಯಲ್ಲಿ ಚಿತ್ರ ಸಮೇತ ಬರೆದುಕೊಂಡೆ.

"ನನ್ನನ್ನೇನು ಲೇತಿಗೆ ಹಾಕ್ತೀರಾ?" ಎಂದಳು.

"ಸುಮ್ನೆ ನಿಂತ್ಕೋ ಕಣೇ. ಇದ್ದಿರ್ಲಿ."

ಒಂಬತ್ತು ದಿನ ಕರೆಂಟು ಆಗಿತ್ತು, ಹನ್ನೊಂದು ಬಾಕಿ. ಆಗ ಯುಗಾದಿ ಬಂತು. ಆಸ್ಪತ್ರೆಗೆ ರಜೆ. ಹಬ್ಬದ ಹಿಂದಿನ ದಿನ ನನ್ನ ಅಕ್ಕ ಬ್ಯಾಡರಹಳ್ಳಿಯಿಂದ ಬಂದರು. ಬೇವಿನ ಸೊಪ್ಪು, ಮಾವಿನ ಎಲೆ, ಒಣಗಿಸಿ ಪುಡಿ ಮಾಡಿದ ಸೀಗೆಕಾಯಿ, ತಾವೇ ನಿಂತು ಕಾಸಿಸಿದ ಹರಳೆಣ್ಣೆ ಎಲ್ಲ ಹೊತ್ತುಕೊಂಡು ಬಂದಿದ್ದರು. ಅಲ್ಲಿನ ಹೊಲಗಳೆಲ್ಲ ಸೈಟುಗಳಾಗಿ ಎಷ್ಟೋ ವರ್ಷವಾದರೂ ಅಕ್ಕ ಹಬ್ಬದ ಎಣ್ಣೆನೀರನ್ನು ಬಿಟ್ಟವರಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಯುಗಾದಿಯ ದಿನ ಮೊದಲ ಎಣ್ಣೆ ಅವರ ಕೈಯಿಂದಲೇ ಬೀಳಬೇಕು.

ಹಬ್ಬದ ಬೆಳಿಗ್ಗೆ ಇವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ಅಕ್ಕ ನಿಂತಲ್ಲೇ ನಿಂತರು. ಕೀಮೋದಲ್ಲಿ ಪೂರ್ತಿ ಉದುರಿಹೋಗಿದ್ದ ಕೂದಲು ಅಷ್ಟು ಹೊತ್ತಿಗೆ ಒಂದು ಅಂಗುಲದಷ್ಟು ಬೆಳೆದಿತ್ತು. ಮೊದಲಿನ ಹಾಗೆ ನೇರವಲ್ಲ, ಸಣ್ಣ ಮಗುವಿನ ತಲೆಯ ಹಾಗೆ ಮೆತ್ತಗೆ, ಗುಂಗುರು. ಅಕ್ಕ ಅಂಗೈ ಇಟ್ಟು ನೇವರಿಸಿದರು.

"ಹೊಸ ಕೂದ್ಲು ಕಣಮ್ಮಾ ಇದು. ಹಬ್ಬದ ದಿನ ಎಣ್ಣೆ ಕಾಣ್ದೆ ಒಣಗಿಸ್ಬಾರ್ದು. ನೆತ್ತಿಗೆ ಮಾತ್ರ ಹಾಕ್ತೀನಿ. ಮೈಗೆ ಒಂದು ಹನಿ ತಾಗ್ಸಲ್ಲ, ಆಣೆಗೂ."

ಇವಳು ನನ್ನ ಕಡೆ ನೋಡಿದಳು. ನಾನು ಬೇಡ ಎನ್ನಬೇಕಾಗಿತ್ತು. ಆದರೆ ಅಕ್ಕನ ಕಣ್ಣು ತುಂಬಿತ್ತು, ಇವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಕಳೆ ಬಂದಿತ್ತು. "ನೆತ್ತಿಗೆ ಮಾತ್ರ" ಎಂದು ನಾನೂ ಗೋಣು ಹಾಕಿ, ಬಾಗಿಲಿಗೆ ತೋರಣ ಕಟ್ಟಲು ಹೋದೆ.

ಅಕ್ಕ ಮಾತು ತಪ್ಪಲಿಲ್ಲ. ಹಾಕಿದ್ದು ನೆತ್ತಿಗೇ. ಆದರೆ ಹರಳೆಣ್ಣೆಯ ಮೇಲೆ ಬಿಸಿನೀರು ಬಿದ್ದರೆ ಅದು ಎಲ್ಲಿ ಇಳಿಯುತ್ತದೆ ಎಂದು ಯಾರು ಹೇಳುತ್ತಾರೆ? ಅರ್ಧ ಗಂಟೆಯಾದ ಮೇಲೆ ಇವಳು ರೂಮಿನಿಂದ ನನ್ನನ್ನು ಮೆಲ್ಲಗೆ ಕರೆದಳು. ಹೋದೆ. ಬಾಗಿಲು ಹಾಕಿ ಟವೆಲ್ ಸರಿಸಿ ತೋರಿಸಿದಳು. ಎದೆಯ ನಡುವಿನ ಗೆರೆ ಇಲ್ಲ. ಎಡ ಪಕ್ಕೆಯ ಮೇಲಿನದು ನೇರಳೆ ನೆರಳಿನ ಹಾಗೆ ಕಲಸಿಹೋಗಿತ್ತು. ಬಲಗಡೆ ಒಂದು ಚುಕ್ಕೆ ಉಳಿದಿತ್ತು, ಅಷ್ಟೇ.

ಅಡುಗೆಮನೆಯಲ್ಲಿ ಅಕ್ಕ ಒಬ್ಬಟ್ಟಿಗೆ ಹೂರಣದ ಉಂಡೆ ಕಟ್ಟುತ್ತಿದ್ದರು.

"ಅವ್ರಿಗೆ ಮಾತ್ರ ಹೇಳ್ಬೇಡಿ" ಎಂದಳು ಇವಳು. "ಹಬ್ಬದ ದಿನ ಊಟ ಬಿಟ್ಟು ಕೂತ್ಕೋತಾರೆ. ನಾಳೆ ಆಸ್ಪತ್ರೆಗೆ ಹೋಗಿ ಹಿಂಗಾಯ್ತು ಅನ್ನೋಣ. ಅವರೇ ಹಾಕ್ತಾರೆ."

ಅದೇ ಸರಿಯಾದ ಮಾತಾಗಿತ್ತು. ನಾನು ಕೇಳಲಿಲ್ಲ. "ಅವ್ರು ಹಾಗೇ ಹಾಕಿಬಿಡ್ತಾರಾ? ಮತ್ತೆ ಸ್ಕ್ಯಾನು, ಮತ್ತೆ ಪ್ಲಾನು. ಒಂದು ವಾರ ಹೋಯ್ತು. ಮಧ್ಯೆ ಬಿಡಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?" ಎಂದು ಅವಳನ್ನೇ ಗದರಿದೆ. ವಾರ ಹೋಗುವ ಹೆದರಿಕೆ ನಿಜವೇ. ಆದರೆ ಅದೊಂದೇ ಅಲ್ಲ. ಇಷ್ಟು ಹೇಳಿದರೂ ಎಣ್ಣೆ ಹಾಕಿದಿರಾ ಎಂದು ಆ ಟೆಕ್ನಿಷಿಯನ್ ಎಲ್ಲರೆದುರು ಕೇಳುತ್ತಾಳೆ, ನಾನು ತಲೆ ತಗ್ಗಿಸಿಕೊಂಡು ನಿಲ್ಲಬೇಕು. ಅದು ನನ್ನಿಂದಾಗದ ಕೆಲಸ. ಈಗ ಬರೆಯುವಾಗ ಇದನ್ನು ಮುಚ್ಚಿಡುವುದಿಲ್ಲ.

"ಫೋನಾದ್ರೂ ಮಾಡಿ ಕೇಳಿ" ಎಂದಳು.

"ನನ್ಗೆ ಗೆರೆ ಹಾಕೋಕೆ ಬರಲ್ವಾ? ಡೈರೀಲಿ ಅಳತೆಯಿದೆ."

ನನ್ನ ಜೊತೆ ವಾದ ಮಾಡುವಷ್ಟು ಶಕ್ತಿ ಅವಳಲ್ಲಿರಲಿಲ್ಲ, ಇದ್ದಾಗಲೂ ಗೆದ್ದವಳಲ್ಲ.

ಊಟವಾದ ಮೇಲೆ ಅಕ್ಕ ಹಾಲಿನಲ್ಲಿ ಸೆರಗು ಹೊದ್ದು ಮಲಗಿದರು. ನಾನು ಬಸವೇಶ್ವರನಗರದ ನಮ್ಮ ಬೀದಿಯ ಕೊನೆಯ ಸ್ಟೇಷನರಿ ಅಂಗಡಿಗೆ ಹೋಗಿ, ಹಬ್ಬಕ್ಕೆ ಅರ್ಧ ಎಳೆದಿದ್ದ ಶಟರಿನ ಕೆಳಗೆ ಬಗ್ಗಿ, ನೇರಳೆ ಬಣ್ಣದ ಮಾರ್ಕರ್ ತಂದೆ. ಆಸ್ಪತ್ರೆಯಲ್ಲಿ ಮಾಡುವ ಹಾಗೇ ಮಾಡಬೇಕೆಂದು ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಎಡಗೈ ತಲೆಯ ಮೇಲೆ ಇಡಿಸಿದೆ. ಡೈರಿ ತೆರೆದು ಪಕ್ಕದಲ್ಲಿಟ್ಟುಕೊಂಡೆ. ಒಂಬತ್ತು ದಿನದ ಕರೆಂಟಿಗೆ ಚರ್ಮ ಕಪ್ಪಿಟ್ಟಿತ್ತು. ಸ್ಕೇಲಿನ ಅಂಚು ತಾಗಿದಾಗೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು.

"ಉರಿಯುತ್ತಾ?"

"ಇಲ್ಲ. ಬೇಗ ಮುಗ್ಸಿ."

ಗೆರೆಗಳು ಚೆನ್ನಾಗಿ ಬಂದವು. ಎದ್ದು ನಿಂತು ನೋಡಿದಾಗ ಖುಷಿಯಾಯಿತು. ಎಂಟು ತಿಂಗಳಿಂದ ಚೀಟಿ ಹಿಡಿದು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಅಲೆದದ್ದು ಬಿಟ್ಟರೆ ಅವಳಿಗಾಗಿ ನಾನು ಏನೂ ಮಾಡಲಾಗಿರಲಿಲ್ಲ. ಇವತ್ತು ನನ್ನ ಕೈಯಿಂದ ಒಂದು ಕೆಲಸವಾಯಿತು ಎನಿಸಿತು. ಅವಳು ನಿಧಾನವಾಗಿ ಎದ್ದು ಕೂತು, ರವಿಕೆ ಹಾಕಿಕೊಳ್ಳದೆ ಸೀರೆಯನ್ನೇ ಸಡಿಲವಾಗಿ ಹೊದ್ದುಕೊಂಡಳು.

ಮಾರನೆಯ ದಿನ ಮೆಟ್ರೋದಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿದವಳು ಕೆಂಗೇರಿಯಲ್ಲಿ ನಾನು ಭುಜ ಮುಟ್ಟಿದಾಗ ತೆರೆದಳು. ಆಸ್ಪತ್ರೆಯ ನೆಲಮಾಳಿಗೆಗೆ ಇಳಿದೆವು. ಅವಳು ಗೌನು ಹಾಕಿಕೊಂಡು ಆ ದಪ್ಪ ಬಾಗಿಲಿನಾಚೆ ಹೋದಳು. ನಾನು ಕುರ್ಚಿಯಲ್ಲಿ ಕೂತೆ.

ದಿನವೂ ಹದಿನೈದು ಇಪ್ಪತ್ತು ನಿಮಿಷಕ್ಕೆ ಬರುತ್ತಿದ್ದಳು. ಆ ದಿನ ಅಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿದರೆ ಕರೆಂಟು ಕೊಡುತ್ತಿದ್ದಾರೆ ಎಂದರ್ಥ. ಅದು ಹೊತ್ತಿರಲೂ ಇಲ್ಲ. ಬೆನ್ನು ಹಿಡಿದುಕೊಂಡಂತಾಗಿ ನಾನು ಎರಡೂ ಕೈ ಮೇಲೆತ್ತಿ ಮೈ ಮುರಿದೆ. ಶರಟು ಮೇಲೆ ಜಗ್ಗಿತು. ಜೇಬಿನಲ್ಲಿದ್ದ ಪೆನ್ನು ಮೇಲೆದ್ದು ನನ್ನ ಗದ್ದಕ್ಕೆ ತಾಗಿತು.

ಅದನ್ನು ನೋಡುತ್ತ ಹಾಗೇ ಕೂತೆ. ಕೈ ಇಳಿಸಿದೆ, ಜೇಬು ಕೆಳಗೆ ಬಂತು. ಎತ್ತಿದೆ, ಮೇಲೆ ಹೋಯಿತು. ಡೈರಿಯ ಅಳತೆ ತೆಗೆದದ್ದು ಅವಳು ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಂತಿದ್ದಾಗ. ಗೆರೆ ಹಾಕಿದ್ದು ಅವಳು ಕೈಯೆತ್ತಿ ಮಲಗಿದ್ದಾಗ. ಉಕ್ಕು ನಿಂತರೂ ಮಲಗಿದರೂ ಉಕ್ಕೇ, ಮೈ ಹಾಗಲ್ಲ. ಚರ್ಮ ಜಗ್ಗುತ್ತದೆ, ಜೋಲುತ್ತದೆ, ಸರಿಯುತ್ತದೆ. ಒಂದು ಕಡೆ ಆಧಾರವಿಟ್ಟು ತೆಗೆದ ಅಳತೆಯನ್ನು ಇನ್ನೊಂದು ಕಡೆ ಹಾಕಬಾರದು ಎಂದು ಟೂಲ್‌ರೂಮಿಗೆ ಸೇರಿದ ಮೊದಲ ವಾರವೇ ಹೇಳಿಕೊಡುತ್ತಾರೆ. ಅದನ್ನು ಮರೆತವರನ್ನು ನಾನು ಮನೆಮಂದಿಯನ್ನೆಲ್ಲ ಸೇರಿಸಿ ಬೈದಿದ್ದೇನೆ.

ಎದ್ದು ಬಾಗಿಲ ಹತ್ತಿರ ಓಡಿದೆ. ಬೆರಳಗಲದ ಜಾಗ ಎಂದು ಡಾಕ್ಟರಮ್ಮ ತೋರಿಸಿದ ಕಿರುಬೆರಳೇ ಕಣ್ಣೆದುರು ನಿಂತಿತ್ತು. ನಿಲ್ಲಿಸಿ ಎಂದು ಕೂಗಬೇಕು. ಗಂಟಲಿನಿಂದ ದನಿ ಹೊರಡುವ ಮೊದಲೇ ಬಾಗಿಲು ತೆರೆಯಿತು. ಟೆಕ್ನಿಷಿಯನ್ ಹೊರಗೆ ಬಂದಳು.

"ಸಾರ್, ಗಾಬ್ರಿಯಾಗ್ಬೇಡಿ. ಇವತ್ತು ಇನ್ನೂ ಕರೆಂಟ್ ಕೊಟ್ಟಿಲ್ಲ. ಸ್ನಾನ ಮಾಡುವಾಗ ಗೆರೆ ಅಳಿಸೋಗಿತ್ತಂತೆ, ಹೆದ್ರಿಕೊಂಡು ಆಂಟಿ ತಾವೇ ಪೆನ್ ತಗೊಂಡು ಹಾಕ್ಕೊಂಡಿದಾರೆ. ಒಳಗೆ ಬಂದ ತಕ್ಷಣ ಅವರೇ ಹೇಳಿದ್ರು."

ನಾನು ಅವಳ ಹಿಂದೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ನೋಡಿದೆ.

"ಹೇಳ್ದಿದ್ರೂ ಗೊತ್ತಾಗೋದು ಸಾರ್. ದಿನಾ ಮೊದ್ಲು ಚಿತ್ರ ತೆಗೆದು ಹಳೇದ್ರ ಜೊತೆ ಹೊಂದಿಸಿ ನೋಡ್ದೆ ಕರೆಂಟ್ ಕೊಡಲ್ಲ ನಾವು. ಎಂಟು ಮಿಲಿಮೀಟರ್ ಆಚೆ ಇತ್ತು ಗೆರೆ. ಡಾಕ್ಟ್ರು ಮತ್ತೆ ಸ್ಕ್ಯಾನ್ ಮಾಡಿ ಹೊಸದಾಗಿ ಗುರುತು ಹಾಕೋಣ ಅಂದಿದಾರೆ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಮನೇಲಿ ಆಂಟಿನ ಬೈಬೇಡಿ ಸಾರ್. ತುಂಬಾ ಸುಸ್ತಾಗಿದಾರೆ."

ಎಂಟು ಮಿಲಿಮೀಟರ್. ನನ್ನ ಕೆಲಸದಲ್ಲಿ ಅದು ತಪ್ಪು ಕೂಡ ಅಲ್ಲ, ಹುಚ್ಚಾಟ. ಅದು ನಾನು ಹಾಕಿದ್ದು ಎಂದು ಆಗಲೇ ಹೇಳಬಹುದಾಗಿತ್ತು. ಹೇಳಲಿಲ್ಲ. "ಆಯ್ತಮ್ಮ, ಬೈಯಲ್ಲ" ಎಂದೆ. ಹೆಂಡತಿಯನ್ನು ಕ್ಷಮಿಸಿದ ದೊಡ್ಡ ಮನುಷ್ಯನ ಹಾಗೆ ಹೋಗಿ ಕೂತೆ.

ವಾಪಸು ಬರುವಾಗ ವಿಜಯನಗರದ ಸ್ಟೇಷನ್ನಿನಲ್ಲಿ ಇಳಿದವಳೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಸಿದಳು. ಪಕ್ಕದಲ್ಲಿ ಕೂತು ಕೇಳಿದೆ: "ನೀನೇ ಹಾಕ್ಕೊಂಡೆ ಅಂತ ಯಾಕಂದೆ?"

"ಇನ್ನೂ ಹನ್ನೊಂದು ದಿನ ನೀವು ಅವರ ಎದುರಿಗೆ ಕೂತಿರ್ಬೇಕಲ್ಲ. ನಾನಾದ್ರೆ ಕಣ್ಮುಚ್ಕೊಂಡು ಮಲಗಿರ್ತೀನಿ" ಎಂದಳು.

ಅದನ್ನು ಅವಳು ಯೋಚಿಸಿ ಹೇಳಲಿಲ್ಲ. ಅಷ್ಟು ಸಲೀಸಾಗಿ ಬಂತು. ಸಲೀಸಾಗಿ ಬಂದದ್ದೇ ನನ್ನನ್ನು ತಿಂದುಹಾಕಿತು. ನನ್ನ ತಂಗಿಯ ಮದುವೆಯಲ್ಲಿ ನಾನು ಫ್ಯಾಕ್ಟರಿಯಿಂದ ತಡವಾಗಿ ಹೊರಟು ಮುಹೂರ್ತ ತಪ್ಪಿಸಿದಾಗ, ತಾನು ರೆಡಿಯಾಗೋದು ಲೇಟಾಯಿತು ಎಂದು ಎಲ್ಲರೆದುರು ಹೇಳಿದವಳು ಇವಳು. ಮಗಳ ಕಾಲೇಜಿನ ಅರ್ಜಿ ಕೊಡುವ ಕೊನೆಯ ದಿನ ನಾನು ಮರೆತಾಗ, ಅಮ್ಮ ನೆನಪಿಸಲಿಲ್ಲ ಎಂದು ಮಗಳ ಬಾಯಲ್ಲಿ ಮಾತು ಕೇಳಿದವಳೂ ಇವಳೇ. ಆಗೆಲ್ಲ ನಾನು ಪೇಪರು ಓದುತ್ತ ಸುಮ್ಮನಿದ್ದೆ. ನನಗೆ ನೆನಪಿರುವುದು ಇವೆರಡು. ಅವಳ ಹತ್ತಿರ ಇನ್ನೆಷ್ಟಿವೆಯೋ. ಒಂದು ಮನೆಯಲ್ಲಿ ಒಬ್ಬನಿಂದ ತಪ್ಪೇ ಆಗುವುದಿಲ್ಲ ಎಂದರೆ ಇನ್ನೊಬ್ಬರು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಾರೆ ಎಂದು ತಿಳಿಯಲು ನನಗೆ ಅರವತ್ತಮೂರು ವರ್ಷ ಬೇಕಾಯಿತು.

"ನಾನು ಅವ್ರಿಗೆ ಹೇಳ್ತೀನಿ" ಎಂದೆ.

"ಹೇಳಿ" ಎಂದಳು. ನಂಬಿದ ಹಾಗೆ ಕಾಣಲಿಲ್ಲ.

ಹೊಸ ಗುರುತು, ಹೊಸ ಪ್ಲಾನು ಎಂದು ಮೂರು ದಿನ ಹೋಯಿತು. ವಾರ ಹೋಗುತ್ತದೆ ಎಂದು ಹೆದರಿಸಿದವನು ನಾನು. ಮೂರು ದಿನದಲ್ಲಿ ಏನಾದರೂ ಆಗಿಬಿಟ್ಟರೆ ಎಂದು ಡಾಕ್ಟರಮ್ಮನಿಗೆ ಎರಡು ಸಲ ಫೋನು ಮಾಡಿದೆ. ಏನೂ ಆಗುವುದಿಲ್ಲ, ಉಳಿದದ್ದನ್ನು ನೆಟ್ಟಗೆ ಮುಗಿಸೋಣ ಎಂದರು.

ಮತ್ತೆ ಹೋದ ದಿನ ಕೆಂಪು ದೀಪ ಹೊತ್ತಿತು, ಆರಿತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಅವಳು ಒಳಗೆ ಬಟ್ಟೆ ಬದಲಾಯಿಸುತ್ತಿರುವಾಗ ಟೆಕ್ನಿಷಿಯನ್ ಮುಂದಿನವರ ಫೈಲು ಹಿಡಿದು ಹೊರಗೆ ಬಂದಳು. ನಾನು ಎದುರಿಗೆ ಹೋದೆ. ಆಚೀಚೆ ಏಳೆಂಟು ಜನ ಕೂತಿದ್ದರು.

"ಆ ಗೆರೆ ಹಾಕಿದ್ದು ನಾನಮ್ಮ. ಅವಳಲ್ಲ. ಅವಳು ಬೇಡ ಅಂದ್ಲು, ನಾನೇ ಕೇಳ್ಲಿಲ್ಲ. ತಪ್ಪು ನಂದು."

ಬೈಯುತ್ತಾಳೆ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಫೈಲಿನಿಂದ ತಲೆಯೆತ್ತಿ ಸಣ್ಣಗೆ ನಕ್ಕಳು.

"ಗೊತ್ತಿತ್ತು ಸಾರ್. ತಮ್ಮ ಪಕ್ಕೆ ಮೇಲೆ ತಾವೇ ಅಷ್ಟು ನೆಟ್ಟಗೆ ಯಾರಿಗೆ ಎಳ್ಕೊಳ್ಳೋಕಾಗುತ್ತೆ? ಆಂಟಿ ಹೇಳಿದ್ದಕ್ಕೆ ಹೂಂ ಅಂದ್ವಿ, ಅಷ್ಟೇ. ಇನ್ಮೇಲೆ ಪೆನ್ ಮುಟ್ಬೇಡಿ." ಮುಂದಿನವರ ಹೆಸರು ಕೂಗಿ ಹೋದಳು.

ನಾನು ಅಲ್ಲೇ ನಿಂತಿದ್ದೆ. ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು. ಅಷ್ಟರಲ್ಲಿ ಇವಳು ಬಂದಳು. ಮುಖ ಬಾಡಿ ಚಿಕ್ಕದಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತ ಬಂದವಳು ಕೇಳಿದಳು: "ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

ನನಗೆ ಆಗಬೇಕಾದ ಶಾಸ್ತಿ ಆಯಿತು ಎಂದರೆ ಅವಳಿಗೆ ಒಂದಿಷ್ಟು ಸಮಾಧಾನವಾದೀತು ಎನಿಸಿತು. "ಚೆನ್ನಾಗಿ ಬೈದ್ಲು. ಎಲ್ಲರ ಮುಂದೇನೇ" ಎಂದೆ.

ಅವಳು ಗೋಡೆ ಬಿಟ್ಟಳು.

"ಯಾರು, ಆ ಹುಡುಗೀನಾ? ನಿಮ್ಗಾ? ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ? ಇರಿ, ನಾನು ಕೇಳ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಬಾಗಿಲಿನ ಕಡೆ ತಿರುಗಿ ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿಹೋಗಿ ಅವಳ ಕೈ ಹಿಡಿದು ನಿಲ್ಲಿಸಿದೆ. ಬೈಯಲಿಲ್ಲ ಕಣೇ, ಸುಳ್ಳು ಹೇಳಿದೆ ಎನ್ನಬೇಕಾಗಿತ್ತು. ಹೇಳಲು ಬಾಯಿ ತೆರೆದೆ, ಅಷ್ಟು ಜನರ ಮುಂದೆ ಅಳು ಬಂದುಬಿಟ್ಟಿತು.